ಜಡೆ ಒಂದು ಊರೆಂದು ಶೋಧಯಂತ್ರಕ್ಕೆ ತಿಳಿಸುವವರು ಯಾರು?

ಜಾಲತಾಣದಲ್ಲಿ ಇಂದು ಬೆಳಿಗ್ಗೆ ಪ್ರಕಟವಾದ ಸುದ್ದಿ ಗೂಗಲ್‌ನಲ್ಲಿ ಹುಡುಕಿದವರಿಗೆ ಎಷ್ಟು ಹೊತ್ತಿಗೆ ಸಿಗುತ್ತದೆ? ಹತ್ತು ನಿಮಿಷಕ್ಕೋ, ಹತ್ತು ದಿನಕ್ಕೋ, ಅಥವಾ ಎಂದೂ ಸಿಗುವುದೇ ಇಲ್ಲವೋ? ಜಾಲತಾಣ ನಡೆಸುವವರಷ್ಟೇ ತಲೆಕೆಡಿಸಿಕೊಳ್ಳಬೇಕಾದ ತಾಂತ್ರಿಕ ಪ್ರಶ್ನೆ ಇದೆಂದು ಮೇಲ್ನೋಟಕ್ಕೆ ಅನಿಸಬಹುದು. ಆದರೆ ಊರಿನ ಸುದ್ದಿಯನ್ನು ಅಂತರಜಾಲದಲ್ಲೇ ಓದುವವರು ಹೆಚ್ಚಿದಂತೆಲ್ಲ ಇದು ಓದುಗರ ಪ್ರಶ್ನೆಯೂ ಆಗಿದೆ. ಒಂದು ಕಾಲದಲ್ಲಿ ಪತ್ರಿಕೆಯ ಕಟ್ಟು ಬೆಳಗಿನ ಮೊದಲ ಬಸ್ಸಿಗೆ ಬಂದಿತೇ ಇಲ್ಲವೇ ಎಂಬುದರ ಮೇಲೆ ಹಳ್ಳಿಗೆ ಸುದ್ದಿ ತಲಪುವ ಹೊತ್ತು ನಿಂತಿತ್ತು. ಇಂದು ಆ ಬಸ್ಸಿನ ಜಾಗದಲ್ಲಿ ಶೋಧಯಂತ್ರವಿದೆ.

ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಜಡೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಜಡೆ ಸಂಸ್ಥಾನ ಮಠದಿಂದಾಗಿ ಹೆಸರಾದ ಊರು, ಹೋಬಳಿಯ ಕೇಂದ್ರ. ನೆರೆಯಲ್ಲೇ ಶಿಕಾರಿಪುರ ತಾಲ್ಲೂಕು. ಮಲೆನಾಡಿನ ಅಂಚಿನ ಈ ಭಾಗದಿಂದ ಓದಿಗೆ, ಉದ್ಯೋಗಕ್ಕೆ ಬೆಂಗಳೂರು, ಹುಬ್ಬಳ್ಳಿ ಸೇರಿದವರು ಬಹಳ ಮಂದಿ. ಊರ ಕಡೆ ಜ್ವರ ಹರಡಿದೆ ಎಂದೋ, ಮಳೆಗೆ ರಸ್ತೆ ಕಡಿದುಹೋಗಿದೆ ಎಂದೋ ಕಿವಿಗೆ ಬಿದ್ದರೆ ಅವರ ಬೆರಳು ಮೊದಲು ಹೋಗುವುದು ಮೊಬೈಲಿನಲ್ಲಿರುವ ಹುಡುಕಾಟದ ಚೌಕಕ್ಕೆ. ಅಲ್ಲಿ ಜಡೆಯ ಸುದ್ದಿ ಸಿಗದಿದ್ದರೆ, ಹೊರಗಿರುವವರ ಪಾಲಿಗೆ ಆ ದಿನ ಜಡೆಯಲ್ಲಿ ಏನೂ ನಡೆದಿಲ್ಲ ಎಂದೇ ಅರ್ಥ.

ಸಿಗದಿರುವುದಕ್ಕೆ ಕಾರಣವೇನು? ಗೂಗಲ್ ಕನ್ನಡವನ್ನು ಕಡೆಗಣಿಸುತ್ತಿದೆ ಎಂಬ ದೂರು ಸುಲಭವಾಗಿ ಕೇಳಿಬರುತ್ತದೆ. ಆ ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಈ ವಿಳಂಬವನ್ನು ಬಿಡಿಸಿ ನೋಡಿದರೆ ಅದರ ದೊಡ್ಡ ಪಾಲು ನಮ್ಮ ಕಡೆಯದು ಎಂಬುದು ಗೊತ್ತಾಗುತ್ತದೆ: ನಾವು ಬಳಸಿದ ಲಿಪಿಯದು, ನಾವು ಬರೆದ ವಿಳಾಸದ್ದು, ನಾವು ನಮೂದಿಸದೆ ಬಿಟ್ಟ ದಿನಾಂಕದ್ದು.

ಮೂರು ಮೆಟ್ಟಿಲುಗಳು

ಶೋಧಯಂತ್ರವು ಕೇಳಿದ ಕೂಡಲೇ ಇಡೀ ಅಂತರಜಾಲವನ್ನು ಜಾಲಾಡಿ ಉತ್ತರ ತರುತ್ತದೆ ಎಂಬುದು ಹಲವರ ಕಲ್ಪನೆ. ಹಾಗಲ್ಲ. ಅದು ಮೊದಲೇ ಸಿದ್ಧಪಡಿಸಿಟ್ಟುಕೊಂಡ ಸೂಚಿಯೊಂದನ್ನು ತೆರೆದು ನೋಡುತ್ತದೆ, ಅಷ್ಟೆ. ದೊಡ್ಡ ಗ್ರಂಥದ ಕೊನೆಯಲ್ಲಿರುವ ಪದಸೂಚಿಯಲ್ಲಿ ಯಾವ ಪದ ಯಾವ ಪುಟದಲ್ಲಿದೆಯೆಂದು ಬರೆದಿರುತ್ತದಲ್ಲ, ಹಾಗೆ. ಸೂಚಿಯಲ್ಲಿಲ್ಲದ ಪುಟ ಜಾಲತಾಣದಲ್ಲಿ ಎಷ್ಟೇ ಚೆಂದವಾಗಿ ಕುಳಿತಿದ್ದರೂ ಹುಡುಕುವವರಿಗೆ ಕಾಣದು.

ಸೂಚಿಗೆ ಸೇರುವ ಮುನ್ನ ಪುಟವೊಂದು ಮೂರು ಮೆಟ್ಟಿಲು ಹತ್ತಬೇಕು. ಮೊದಲನೆಯದು ಪತ್ತೆಯಾಗುವುದು. ಕ್ರಾಲರ್ ಎಂದು ಕರೆಯುವ ತಂತ್ರಾಂಶ ಒಂದು ಪುಟದಲ್ಲಿನ ಕೊಂಡಿಯನ್ನು ಹಿಡಿದು ಇನ್ನೊಂದಕ್ಕೆ ಹೋಗುತ್ತ ಹೊಸ ವಿಳಾಸಗಳನ್ನು ಗುರುತಿಸಿಕೊಳ್ಳುತ್ತದೆ. ಎರಡನೆಯದು ಆ ಪುಟವನ್ನು ತರಿಸಿಕೊಂಡು ಓದುವುದು. ಮೂರನೆಯದು ಸೂಚಿಗೆ ಸೇರಿಸಬೇಕೇ ಬೇಡವೇ ಎಂದು ತೀರ್ಮಾನಿಸುವುದು. ಮೂರನೆಯ ಮೆಟ್ಟಿಲಲ್ಲಿ ಮುಗ್ಗರಿಸುವ ಪುಟಗಳು ಅಸಂಖ್ಯ. ಓದಿದ ಪುಟಗಳನ್ನೆಲ್ಲ ಸೂಚಿಗೆ ಸೇರಿಸುವ ಭರವಸೆಯನ್ನು ತಾನು ನೀಡುವುದಿಲ್ಲವೆಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಸ್ಪಷ್ಟಪಡಿಸಿದೆ. ಪತ್ತೆಯಾಗಿದ್ದರೂ ಓದಿಲ್ಲ, ಓದಿದ್ದರೂ ಸೇರಿಸಿಲ್ಲ ಎಂಬ ಎರಡು ಬಗೆಯ ವರದಿಗಳು ತಾಣ ನಡೆಸುವವರಿಗೆ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ದಿನನಿತ್ಯ ಕಾಣಸಿಗುತ್ತವೆ.

ಹೀಗಾಗಿ "ಎಷ್ಟು ಬೇಗ?" ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ದಿನವಿಡೀ ಸುದ್ದಿ ಹಾಕುವ, ವರ್ಷಗಳಿಂದ ನೆಲೆನಿಂತ ತಾಣದ ಮುಖಪುಟಕ್ಕೆ ಕ್ರಾಲರ್ ಮತ್ತೆ ಮತ್ತೆ ಬರುತ್ತದೆ. ಅಲ್ಲಿನ ಸುದ್ದಿ ಕೆಲವೇ ನಿಮಿಷಗಳಲ್ಲಿ ಹುಡುಕಾಟದಲ್ಲಿ ಕಾಣಿಸಬಹುದು. ಸಾಮಾನ್ಯ ತಾಣಗಳ ವಿಚಾರದಲ್ಲಿ ಮಾತ್ರ, ಪುಟವನ್ನು ಓದಲು ಕೆಲವು ದಿನಗಳಿಂದ ಕೆಲವು ವಾರಗಳು ಹಿಡಿಯಬಹುದು ಎಂಬುದು ಗೂಗಲ್ ತಾನೇ ನೀಡುವ ಲೆಕ್ಕ. ಮತ್ತೆ ಮತ್ತೆ ಮನವಿ ಸಲ್ಲಿಸಿದರೆ ಕೆಲಸ ಬೇಗ ಆಗುತ್ತದೆಯೇ? ಇಲ್ಲ ಎಂಬುದನ್ನೂ ಅದು ಬಿಡಿಸಿ ಹೇಳಿದೆ.

ತಿಂಗಳಿನಿಂದ ನಿಮಿಷಕ್ಕೆ

ಈ ವೇಗ ಬಂದದ್ದು ಒಂದೇ ಬಾರಿಗೆ ಅಲ್ಲ. 1998ರಲ್ಲಿ ಕಂಪನಿಯಾಗಿ ಸ್ಥಾಪನೆಯಾದ ಗೂಗಲ್ ಆರಂಭದ ವರ್ಷಗಳಲ್ಲಿ ತನ್ನ ಸೂಚಿಯನ್ನು ಹೊಸದಾಗಿ ಕಟ್ಟುತ್ತಿದ್ದುದು ಹೆಚ್ಚುಕಡಿಮೆ ತಿಂಗಳಿಗೊಮ್ಮೆ. ಆ ದಿನಗಳಲ್ಲಿ ಫಲಿತಾಂಶಗಳು ಮೇಲೆ ಕೆಳಗೆ ಕುಣಿಯುತ್ತಿದ್ದುದರಿಂದ ತಾಣಗಳ ನಿರ್ವಾಹಕರು ಅದನ್ನು 'ಗೂಗಲ್ ಡಾನ್ಸ್' ಎಂದೇ ಕರೆಯುತ್ತಿದ್ದರು.

ಈ ವಿಧಾನದ ದೌರ್ಬಲ್ಯ ಜಗತ್ತಿನ ಮುಂದೆ ಬಯಲಾದದ್ದು 2001ರ ಸೆಪ್ಟೆಂಬರ್ 11ರಂದು. ನ್ಯೂಯಾರ್ಕಿನ ಅವಳಿ ಕಟ್ಟಡಗಳ ಮೇಲೆ ದಾಳಿಯಾದಾಗ ಕೋಟ್ಯಂತರ ಜನ ಸುದ್ದಿಗಾಗಿ ಗೂಗಲ್ ತೆರೆದರೆ ಅಲ್ಲಿದ್ದುದು ಹಳೆಯ ಸೂಚಿ. ಕೊನೆಗೆ ತಾಜಾ ಸುದ್ದಿಗೆ ರೇಡಿಯೊ, ಟಿ.ವಿ.ಗಳನ್ನು ಆಶ್ರಯಿಸಿ ಎಂದು ಗೂಗಲ್ ತನ್ನ ಮುಖಪುಟದಲ್ಲೇ ಸೂಚಿಸಿ, ಸುದ್ದಿತಾಣಗಳಿಗೆ ನೇರ ಕೊಂಡಿ ಕೊಡಬೇಕಾಯಿತು. ಈ ಕೊರತೆಯನ್ನು ಕಂಡು ಹಲವು ಪತ್ರಿಕೆಗಳ ಸುದ್ದಿಯನ್ನು ತಾನಾಗಿ ಒಟ್ಟುಗೂಡಿಸುವ ವ್ಯವಸ್ಥೆಯನ್ನು ರೂಪಿಸಿದವರು ಬೆಂಗಳೂರಿನಲ್ಲಿ ಶಾಲೆ ಕಲಿತ ಎಂಜಿನಿಯರ್ ಕೃಷ್ಣ ಭರತ್. ಗೂಗಲ್ ನ್ಯೂಸ್ ಎಂಬ ಹೆಸರಿನಲ್ಲಿ ಅದು 2002ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು.

2003ರ ಹೊತ್ತಿಗೆ ತಿಂಗಳ ಲೆಕ್ಕ ಕೈಬಿಟ್ಟು ಸೂಚಿಯನ್ನು ಅಲ್ಪಸ್ವಲ್ಪವಾಗಿ ದಿನವೂ ತಿದ್ದುವ ಪದ್ಧತಿ ಬಂತು. 2005ರಲ್ಲಿ ಗೂಗಲ್ 'ಸೈಟ್‌ಮ್ಯಾಪ್' ಪದ್ಧತಿಯನ್ನು ಜಾರಿಗೆ ತಂದಿತು. ನನ್ನಲ್ಲಿ ಇಂಥಿಂಥ ಪುಟಗಳಿವೆ, ಇಂಥ ದಿನ ಬದಲಾಗಿವೆ ಎಂದು ತಾಣವೇ ಯಂತ್ರಕ್ಕೆ ಒಪ್ಪಿಸುವ ಪಟ್ಟಿ ಇದು. ಯಾಹೂ ಮತ್ತು ಮೈಕ್ರೊಸಾಫ್ಟ್ 2006ರಲ್ಲಿ ಇದನ್ನು ಒಪ್ಪಿಕೊಂಡವು. 2010ರ ಜೂನ್‌ನಲ್ಲಿ 'ಕೆಫೀನ್' ಎಂಬ ಹೊಸ ಸೂಚಿ ವ್ಯವಸ್ಥೆ ಬಂದಾಗ ಫಲಿತಾಂಶಗಳು ಶೇ 50ರಷ್ಟು ಹೆಚ್ಚು ತಾಜಾ ಆಗಿವೆ ಎಂದು ಗೂಗಲ್ ಹೇಳಿಕೊಂಡಿತು. 2021ರ ಅಕ್ಟೋಬರ್‌ನಲ್ಲಿ ಮೈಕ್ರೊಸಾಫ್ಟ್‌ನ ಬಿಂಗ್ ಮತ್ತು ರಷ್ಯಾದ ಯಾಂಡೆಕ್ಸ್ ಸೇರಿ 'ಇಂಡೆಕ್ಸ್‌ನೌ' ಎಂಬ ಏರ್ಪಾಟನ್ನು ತಂದವು. ಯಂತ್ರ ಬಂದು ನೋಡುವವರೆಗೆ ಕಾಯದೆ, ಪುಟ ಬದಲಾದ ಕ್ಷಣವೇ ತಾಣವು ಸುದ್ದಿ ಮುಟ್ಟಿಸುವ ಬಗೆ ಇದು.

ಅಂದರೆ ಯಂತ್ರದ ಕಡೆಯ ವಿಳಂಬ ಎರಡೂವರೆ ದಶಕದಲ್ಲಿ ತಿಂಗಳಿನಿಂದ ನಿಮಿಷಕ್ಕೆ ಇಳಿದಿದೆ. ಹೀಗಿದ್ದೂ ಜಡೆಯ ಸುದ್ದಿ ಸಿಗುವುದಿಲ್ಲವೆಂದರೆ ತೊಡಕು ಬೇರೆಡೆ ಇರಬೇಕಲ್ಲವೇ?

ಹೆಸರಿನ ತೊಡಕು

ಮೊದಲ ತೊಡಕು ಹೆಸರಿನಲ್ಲೇ ಇದೆ. 'ಜಡೆ' ಎಂದು ಕನ್ನಡದಲ್ಲಿ ಟೈಪಿಸಿದರೆ ಯಂತ್ರಕ್ಕೆ ಮೊದಲು ಹೊಳೆಯುವುದು ಹೆಣೆದ ಕೂದಲು. ಮದುಮಗಳ ಮೊಗ್ಗಿನ ಜಡೆ, ಶಿವನ ಜಡೆ, ಜಡೆ ಹಾಕುವ ವಿಧಾನ, ಹೀಗೆ ಆ ಪದಕ್ಕೆ ಸಂಬಂಧಿಸಿದ ಪುಟಗಳು ಲೆಕ್ಕವಿಲ್ಲದಷ್ಟು. ರೋಮನ್ ಅಕ್ಷರದಲ್ಲಿ ಬರೆದರಂತೂ ಇನ್ನೂ ತೊಂದರೆ. ಇಂಗ್ಲಿಷಿನಲ್ಲಿ ಅದೇ ಅಕ್ಷರಗಳು ಹಸಿರು ಬಣ್ಣದ ಒಂದು ಹರಳಿಗೆ ಹೆಸರು. ಚೀನಾದ ಆಭರಣ ಮಾರುಕಟ್ಟೆಯನ್ನು ಹಿಂದಿಕ್ಕಿ ಸೊರಬದ ಹಳ್ಳಿಯೊಂದು ಮುಂದೆ ಬರುವುದಾದರೂ ಹೇಗೆ?

ನೆರೆಯ ಊರುಗಳ ಸ್ಥಿತಿಯೂ ಬಹಳ ಭಿನ್ನವಲ್ಲ. ಶಿಕಾರಿಪುರವನ್ನು ಬ್ರಿಟಿಷರ ಕಾಲದ ದಾಖಲೆಗಳು ಶಿಕಾರ್ಪುರ್ ಎಂದು ಬರೆದವು. ಅದೇ ಹೆಸರಿನ ಪಟ್ಟಣ ಪಾಕಿಸ್ತಾನದ ಸಿಂಧ್‌ನಲ್ಲಿದೆ, ಉತ್ತರ ಪ್ರದೇಶದಲ್ಲೂ ಇದೆ. ಸೊರಬ ರೋಮನ್ ಲಿಪಿಯಲ್ಲಿ ಸೊರಬ್ ಆಯಿತು. ಶಿವಮೊಗ್ಗ 2014ರ ನವೆಂಬರ್ 1ರವರೆಗೂ ಇಂಗ್ಲಿಷಿನಲ್ಲಿ ಶಿಮೊಗ ಆಗಿತ್ತು. ಒಂದೇ ಊರಿನ ಸುದ್ದಿ ನಾಲ್ಕು ಕಾಗುಣಿತದಲ್ಲಿ ನಾಲ್ಕು ದಿಕ್ಕಿಗೆ ಚದುರಿದೆ.

ಕನ್ನಡದ ಜಾಯಮಾನವನ್ನೂ ಇಲ್ಲಿ ಗಮನಿಸಬೇಕು. ಇಂಗ್ಲಿಷಿನಲ್ಲಿ ಊರಿನ ಹೆಸರು ಬದಲಾಗದೆ ನಿಲ್ಲುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಹೆಸರಿಗೇ ಅಂಟಿಕೊಂಡು ಜಡೆಯ, ಜಡೆಗೆ, ಜಡೆಯಲ್ಲಿ, ಜಡೆಯಿಂದ ಎಂದಾಗುತ್ತದೆ. ಇವೆಲ್ಲ ಒಂದೇ ಊರೆಂದು ಅರಿಯಲು ಯಂತ್ರಕ್ಕೆ ಕನ್ನಡ ವ್ಯಾಕರಣದ ತಿಳಿವಳಿಕೆ ಬೇಕು. ಆ ತಿಳಿವಳಿಕೆ ಅದಕ್ಕೆ ಬರುವುದು ಓದಲು ಸಿಕ್ಕ ಕನ್ನಡ ಪಠ್ಯದಿಂದಲೇ. ಪಠ್ಯ ಕಡಿಮೆಯಾದಷ್ಟೂ ತಿಳಿವಳಿಕೆಯೂ ಕಡಿಮೆ.

ಯಂತ್ರದ ಗಮನ ಸೆಳೆಯುವ ಇನ್ನೊಂದು ಅಂಶವೆಂದರೆ ಬೇಡಿಕೆ. ಹೆಚ್ಚು ಜನ ಹುಡುಕುವ, ಹೆಚ್ಚು ತಾಣಗಳು ಕೊಂಡಿ ಕೊಡುವ ವಿಷಯದ ಪುಟಗಳನ್ನು ಕ್ರಾಲರ್ ಬೇಗ ಬೇಗ ಬಂದು ನೋಡುತ್ತದೆ. ಬಿ.ಎಸ್. ಯಡಿಯೂರಪ್ಪ ಅವರು ಮುಖ್ಯಮಂತ್ರಿಯಾಗಿದ್ದ ವರ್ಷಗಳಲ್ಲಿ ಅವರ ಕ್ಷೇತ್ರ ಶಿಕಾರಿಪುರದ ಹೆಸರು ದೇಶದ ಸುದ್ದಿತಾಣಗಳಲ್ಲೆಲ್ಲ ಸುಳಿದಾಡಿತು. ಸೊರಬದ ಎಸ್. ಬಂಗಾರಪ್ಪ ಅವರ ಕಥೆ ಬೇರೆ. ಅವರು ಮುಖ್ಯಮಂತ್ರಿಯಾಗಿದ್ದುದು 1990ರಿಂದ 1992ರವರೆಗೆ. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸಿಕ್ಕಿದ್ದು 1995ರ ಆಗಸ್ಟ್‌ನಲ್ಲಿ. ಆ ಆಡಳಿತದ ದೈನಂದಿನ ವರದಿಗಳು ಇಂದಿಗೂ ಬಹುಪಾಲು ಹಳೆಯ ಪತ್ರಿಕೆಯ ಕಡತಗಳಲ್ಲೇ ಇವೆ. ಅಕ್ಕಪಕ್ಕದ ಎರಡು ತಾಲ್ಲೂಕುಗಳು, ಇಬ್ಬರು ಮುಖ್ಯಮಂತ್ರಿಗಳು. ಒಬ್ಬರ ಕಾಲ ಸೂಚಿಯಲ್ಲಿದೆ, ಇನ್ನೊಬ್ಬರ ಕಾಲದ ಹೆಚ್ಚಿನ ಭಾಗ ಇಲ್ಲ. ಮುಖ್ಯಮಂತ್ರಿಗಳ ಸ್ಥಿತಿಯೇ ಹೀಗಾದರೆ ಹೋಬಳಿ ಕೇಂದ್ರದ ನೀರಿನ ಟ್ಯಾಂಕಿನ ಸುದ್ದಿಯ ಪಾಡೇನು?

ಲಿಪಿಯ ಹಳೆಯ ಸಾಲ

ಎರಡನೆಯ ತೊಡಕು ಇನ್ನೂ ಆಳವಾದದ್ದು. ಕನ್ನಡ ಅಂತರಜಾಲಕ್ಕೆ ತಡವಾಗಿ ಬಂದ ಭಾಷೆಯೇನಲ್ಲ. ಯು.ಬಿ. ಪವನಜ ಅವರ 'ವಿಶ್ವಕನ್ನಡ' ಜಾಲಪತ್ರಿಕೆ ಆರಂಭವಾದದ್ದು 1996ರಲ್ಲಿ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂತು. ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳಲ್ಲಿ ಮನೆಮಾತಾಯಿತು. ಪತ್ರಿಕೆಗಳೂ ಒಂದೊಂದಾಗಿ ಜಾಲತಾಣ ತೆರೆದವು.

ಆದರೆ ಆ ಕಾಲದ ಬಹುತೇಕ ಕನ್ನಡ ಪುಟಗಳು ಕಣ್ಣಿಗೆ ಮಾತ್ರ ಕನ್ನಡ. ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ್ದರಿಂದ ಪರದೆಯ ಮೇಲೆ ಕನ್ನಡ ಮೂಡುತ್ತಿತ್ತು; ಒಳಗೆ ಸಂಗ್ರಹವಾಗುತ್ತಿದ್ದುದು ರೋಮನ್ ಅಕ್ಷರ ಹಾಗೂ ಚಿಹ್ನೆಗಳ ಅರ್ಥಹೀನ ಸಾಲು. ಸೂಕ್ತ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ತೆರೆದರೆ ಆ ಕಲಸುಮೇಲೋಗರವೇ ಕಾಣುತ್ತಿತ್ತು. ಅಂದಿನ ಓದುಗರಿಗೆ ಈ ಅನುಭವ ಮರೆತಿರಲಾರದು. ಶೋಧಯಂತ್ರ ಓದುತ್ತಿದ್ದುದೂ ಅದನ್ನೇ. ಪುಟವನ್ನು ಅದು ತಂದಿತು, ಸೂಚಿಗೂ ಸೇರಿಸಿರಬಹುದು. ಆದರೆ 'ಸೊರಬ' ಎಂದು ಹುಡುಕಿದರೆ ಕೊಡಲು ಅದರ ಬಳಿ ಸೊರಬ ಎಂಬ ಪದವೇ ಇರಲಿಲ್ಲ.

ಇದಕ್ಕೆ ಮದ್ದು ಇರಲಿಲ್ಲವೇ? ಇತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಫಾಂಟ್ ಬಂದಿತ್ತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಯೂನಿಕೋಡ್‌ನಲ್ಲೇ ಬೆಳೆಯಿತು. ಪತ್ರಿಕೆಗಳು ಹಳೆಯ ಫಾಂಟಿನಿಂದ ಹೊರಬರಲು ಮಾತ್ರ ಮತ್ತೂ ವರ್ಷಗಳು ಹಿಡಿದವು. ಸರ್ಕಾರಿ ಕಚೇರಿಗಳು ಇನ್ನೂ ಹೆಚ್ಚು ಕಾಲ ತೆಗೆದುಕೊಂಡವು. ಹೊಸ ಸುದ್ದಿ ಯೂನಿಕೋಡ್‌ಗೆ ಬದಲಾದರೂ ಹಳೆಯದನ್ನು ಪರಿವರ್ತಿಸುವ ಗೋಜಿಗೆ ಹೋದವರು ಕಡಿಮೆ. ತಾಣದ ವಿನ್ಯಾಸ ಬದಲಾದಾಗ ಎಷ್ಟೋ ಹಳೆಯ ಪುಟಗಳು ವಿಳಾಸವನ್ನೇ ಕಳೆದುಕೊಂಡವು. ಹತ್ತು ನಿಮಿಷವೋ ಹತ್ತು ದಿನವೋ ಎಂದು ನಾವು ಚರ್ಚಿಸುತ್ತಿರುವಾಗ, ಆ ತಲೆಮಾರಿನ ಸುದ್ದಿಗೆ ಆದ ವಿಳಂಬ ಇಪ್ಪತ್ತು ವರ್ಷ ದಾಟಿದೆ.

ಯೂನಿಕೋಡ್ ಬಂದ ಮೇಲೂ ಅಲ್ಲಲ್ಲಿ ಕಸ ಉಳಿದಿದೆ. ಅನುಸ್ವಾರದ ಸೊನ್ನೆಗೂ ಕನ್ನಡ ಅಂಕಿಯ ಸೊನ್ನೆಗೂ ಕಣ್ಣಿಗೆ ವ್ಯತ್ಯಾಸವಿಲ್ಲ. ಯಂತ್ರಕ್ಕೆ ಅವೆರಡೂ ಬೇರೆ ಬೇರೆ. 'ಮಂಗನ ಕಾಯಿಲೆ' ಎಂದು ಬರೆಯುವಾಗ ಅನುಸ್ವಾರದ ಬದಲು ಅಂಕಿಯನ್ನು ಒತ್ತಿದರೆ, ಓದುಗ ಸರಿಯಾಗಿಯೇ ಓದುತ್ತಾನೆ. ಯಂತ್ರದ ಪಾಲಿಗೆ ಅದು ಬೇರೆಯದೇ ಪದವಾಗಿಬಿಡುವ ಅಪಾಯವಿದೆ.

ಮುಚ್ಚಿದ ಕೋಣೆಗಳು

ಮೂರನೆಯ ತೊಡಕು ಇತ್ತೀಚಿನದು. ಹೋಬಳಿ ಮಟ್ಟದ ಸುದ್ದಿ ಮುದ್ರಿತ ಪತ್ರಿಕೆಯಲ್ಲಿ ಬರುವುದು ಜಿಲ್ಲಾ ಆವೃತ್ತಿಯ ಒಳಪುಟದಲ್ಲಿ. ಅದು ಜಾಲತಾಣದಲ್ಲಿ ಪಠ್ಯವಾಗಿ ಬರುವುದು ಅಪರೂಪ. ಬಂದರೆ ಇ-ಪೇಪರ್‌ನ ಚಿತ್ರವಾಗಿ ಬರುತ್ತದೆ. ಚಿತ್ರದೊಳಗಿನ ಅಕ್ಷರವನ್ನು ಸೂಚಿಗೆ ಸೇರಿಸುವ ಭರವಸೆ ಇಲ್ಲ. ಚಂದಾ ಕಟ್ಟಿ ಒಳಹೋಗಬೇಕಾದ ಪುಟವಾದರೆ ಕ್ರಾಲರ್ ಬಾಗಿಲಲ್ಲೇ ನಿಲ್ಲಬೇಕಾಗಬಹುದು.

ಉಳಿದ ಸುದ್ದಿ ಹರಿದಾಡುವುದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ. ಪಂಚಾಯ್ತಿ ಸಭೆಯ ನೋಟಿಸಿನ ಫೋಟೊ, ವಿದ್ಯುತ್ ವ್ಯತ್ಯಯದ ಪ್ರಕಟಣೆ, ಆರೋಗ್ಯ ಕೇಂದ್ರದ ಸೂಚನೆ, ಎಲ್ಲವೂ ಅಲ್ಲಿ ಕ್ಷಣದಲ್ಲಿ ತಲಪುತ್ತವೆ. ಇದಕ್ಕಿಂತ ವೇಗದ ಸುದ್ದಿವಾಹಕ ಇಲ್ಲ ಎಂಬುದು ನಿಜ. ಆದರೆ ಅದು ಮುಚ್ಚಿದ ಕೋಣೆ. ಗುಂಪಿನಲ್ಲಿ ಇರುವವರಿಗೆ ಮಾತ್ರ ಸಿಗುತ್ತದೆ. ಮೂರು ದಿನ ಕಳೆದ ಮೇಲೆ ಅವರಿಗೂ ಹುಡುಕಿ ತೆಗೆಯುವುದು ಕಷ್ಟ. ಶೋಧಯಂತ್ರಕ್ಕಂತೂ ಅಲ್ಲಿಗೆ ಪ್ರವೇಶವೇ ಇಲ್ಲ. ಸ್ಥಳೀಯ ಸುದ್ದಿಯ ಉತ್ಪಾದನೆ ಹಿಂದೆಂದಿಗಿಂತ ಹೆಚ್ಚಾಗಿದ್ದರೂ ಅದು ದಾಖಲೆಯಾಗಿ ಉಳಿಯುವ ಪ್ರಮಾಣ ಕುಗ್ಗುತ್ತಿರುವುದು ಈ ಕಾಲದ ವಿಪರ್ಯಾಸ.

ಸಣ್ಣ ಸುದ್ದಿತಾಣಗಳು ಇದನ್ನು ತುಂಬಿಕೊಡಬಹುದಿತ್ತು. ಆದರೆ ವಾರ್ತಾ ಇಲಾಖೆಯ ಪತ್ರಿಕಾ ಪ್ರಕಟಣೆಯನ್ನು ಹತ್ತು ತಾಣಗಳು ಅಕ್ಷರವೂ ಬದಲಿಸದೆ ಹಾಕಿಕೊಂಡರೆ ಯಂತ್ರವು ಅವೆಲ್ಲವನ್ನೂ ಒಂದೇ ಎಂದು ಗುರುತಿಸಿ ಒಂದನ್ನು ಮಾತ್ರ ಮುಂದಿಡುತ್ತದೆ. ಉಳಿದ ಒಂಬತ್ತು ತಾಣಗಳು ಗೂಗಲ್ ತಮಗೆ ಅನ್ಯಾಯ ಮಾಡಿತೆಂದು ಭಾವಿಸುತ್ತವೆ. ಅದೇ ಪ್ರಕಟಣೆಗೆ ಜಡೆಯ ಆರೋಗ್ಯ ಕೇಂದ್ರದಲ್ಲಿ ಅಂದು ವೈದ್ಯರಿದ್ದರೇ ಎಂಬ ಒಂದು ಸಾಲಿನ ವಿವರ ಸೇರಿಸಿದ್ದರೆ ಓದುಗರಿಗೂ ಉಪಯೋಗ, ಯಂತ್ರಕ್ಕೂ ಹೊಸದು.

ಬೇಗ ಸಿಕ್ಕಿದ್ದೆಲ್ಲ ಹೊಸದೇ?

ಇಷ್ಟಕ್ಕೂ ಸುದ್ದಿ ಸೂಚಿಗೆ ಬೇಗ ಸೇರಿದರೆ ಸಾಕೇ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಸೊರಬ ತಾಲ್ಲೂಕಿಗೆ ಅಂಟಿಕೊಂಡಿರುವ ಒಂದು ಕಾಯಿಲೆಯೇ ಇದಕ್ಕೆ ತಕ್ಕ ನಿದರ್ಶನ. 1957ರಲ್ಲಿ ಈ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಕಾಡಂಚಿನ ಜನರಲ್ಲೂ ಜ್ವರ ಕಾಣಿಸಿಕೊಂಡಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹೊಸ ವೈರಸ್ ಒಂದನ್ನು ಪತ್ತೆಹಚ್ಚಿದರು. ಕಾಡಿನ ಹೆಸರೇ ಕಾಯಿಲೆಗೂ ಬಂತು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆ. ಉಣುಗುಗಳ ಮೂಲಕ ಹರಡುವ ಈ ಜ್ವರ ಚಳಿಗಾಲ ಮುಗಿದು ಬೇಸಿಗೆ ಏರುವ ತಿಂಗಳುಗಳಲ್ಲಿ ಮಲೆನಾಡನ್ನು ಕಾಡುತ್ತದೆ. 2018ರ ಕೊನೆ ಹಾಗೂ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅದು ಹಲವು ಜೀವಗಳನ್ನು ಬಲಿ ಪಡೆದದ್ದು ಓದುಗರ ನೆನಪಿನಲ್ಲಿರಬಹುದು.

ಆಗ ಸುದ್ದಿತಾಣಗಳು ನೂರಾರು ವರದಿಗಳನ್ನು ಪ್ರಕಟಿಸಿದವು. ಲಸಿಕೆ ಹಾಕಿಸಿಕೊಳ್ಳಿ ಎಂಬ ಸಲಹೆ ಅವುಗಳಲ್ಲಿ ಸಾಮಾನ್ಯವಾಗಿತ್ತು. ಅಂದಿಗೆ ಅದು ಸರಿಯಾದ ಸಲಹೆಯೇ. ಆದರೆ ದಶಕಗಳಿಂದ ಬಳಕೆಯಲ್ಲಿದ್ದ ಆ ಹಳೆಯ ಲಸಿಕೆಯ ಪರಿಣಾಮ ಸಾಲದೆಂಬುದು ಕಂಡುಬಂದು, 2022ರಲ್ಲಿ ಅದರ ತಯಾರಿಕೆ ನಿಂತು, ನೀಡಿಕೆಯೂ ನಿಂತಿತು. ಹಳೆಯ ವರದಿಗಳು ಮಾತ್ರ ಜಾಲದಲ್ಲಿ ಹಾಗೆಯೇ ಇವೆ. ಅವುಗಳಿಗೆ ಕೊಂಡಿ ಕೊಟ್ಟವರು ಹೆಚ್ಚು, ಓದಿದವರು ಹೆಚ್ಚು. ಹೀಗಾಗಿ ಹೊಸ ವರದಿಗಿಂತ ಮುಂದೆ ಬರುವ ಅರ್ಹತೆ ಯಂತ್ರದ ಲೆಕ್ಕದಲ್ಲಿ ಅವಕ್ಕೇ ಹೆಚ್ಚಿರಬಹುದು. ಮನೆಯಲ್ಲಿ ಜ್ವರದಿಂದ ಮಲಗಿದವರಿರುವಾಗ ಗಾಬರಿಯಲ್ಲಿ ಮೊಬೈಲ್ ತೆರೆದವರಿಗೆ ಇಲ್ಲದ ಲಸಿಕೆಯ ಸಲಹೆ ಸಿಕ್ಕರೆ ಯಾರನ್ನು ದೂರಬೇಕು?

ಇಲ್ಲಿ ಕನ್ನಡ ಪತ್ರಿಕೋದ್ಯಮದ ಒಂದು ಹಳೆಯ ರೂಢಿಯೂ ಕೈಕೊಟ್ಟಿದೆ. 'ಸೊರಬ, ಜ. 12' ಎಂದು ಸುದ್ದಿಯ ಆರಂಭದಲ್ಲಿ ಊರು, ದಿನಾಂಕ ಹಾಕುವುದು ನಮ್ಮ ಪದ್ಧತಿ. ಇಸವಿ ಬೇಕಿರಲಿಲ್ಲ, ಅದು ಪತ್ರಿಕೆಯ ತಲೆಬರಹದ ಕೆಳಗೇ ಇರುತ್ತಿತ್ತು. ಜಾಲದಲ್ಲಿ ಪ್ರತಿ ಸುದ್ದಿಯೂ ಪತ್ರಿಕೆಯಿಂದ ಹರಿದ ಒಂದು ಚೂರು. ಅದರಲ್ಲಿ ಇಸವಿ ಇಲ್ಲದಿದ್ದರೆ ಯಾವ ಜನವರಿ ಎಂಬುದು ಓದುಗನಿಗೂ ತಿಳಿಯದು, ಯಂತ್ರಕ್ಕೂ ತಿಳಿಯದು.

ಬೇಗ ಸೇರಿದ್ದು ಬೇಗ ಹೊರಹೋಗುವುದಿಲ್ಲ ಎಂಬ ಮತ್ತೊಂದು ಮುಖವೂ ಇದೆ. ತಮ್ಮ ಮಗಳ ಹೆಸರನ್ನು ಜಾಲದಲ್ಲಿ ಹುಡುಕಿದರೆ ಮುಗಿದುಹೋದ ಪ್ರಕರಣದ ಆದೇಶ ಕಾಣಿಸಿಕೊಳ್ಳುತ್ತದೆ ಎಂದು ತಂದೆಯೊಬ್ಬರು ಕರ್ನಾಟಕ ಹೈಕೋರ್ಟಿನ ಮೊರೆಹೋಗಿದ್ದರು. ಅಂತರಜಾಲದ ಹುಡುಕಾಟದಲ್ಲಿ ಆ ಹೆಸರು ಬಾರದಂತೆ ಎಚ್ಚರ ವಹಿಸಲು ನ್ಯಾಯಾಲಯ 2017ರ ಜನವರಿಯಲ್ಲಿ ತನ್ನ ಕಚೇರಿಗೆ ಸೂಚಿಸಿತು. ಮರೆತುಹೋಗುವ ಹಕ್ಕಿನ ಕುರಿತು ದೇಶದ ಮೊದಮೊದಲ ಆದೇಶಗಳಲ್ಲಿ ಇದೂ ಒಂದು. ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಪರಿಚಿತರು. ಆರೋಪ ಹೊತ್ತಾಗ ಬಂದ ಸುದ್ದಿ ಹತ್ತು ನಿಮಿಷದಲ್ಲಿ ಸೂಚಿ ಸೇರಿ, ಖುಲಾಸೆಯಾದ ಸುದ್ದಿ ಎಂದೂ ಸೇರದಿದ್ದರೆ ಆ ವೇಗ ಯಾರಿಗೆ ಹಿತ?

ದಾರಿ ಯಾವುದು?

'ಗೂಗಲ್‌ನಲ್ಲಿ ತಕ್ಷಣ ಬರುವಂತೆ ಮಾಡಿಕೊಡುತ್ತೇವೆ' ಎಂದು ಹಣ ಕೇಳುವವರ ಮಾತಿಗೆ ಮರುಳಾಗಬೇಕಿಲ್ಲ. ಅವರು ಹೆಸರಿಸುವ ಗೂಗಲ್‌ನ ನೇರ ಸಂಪರ್ಕ ವ್ಯವಸ್ಥೆ ಇರುವುದು ಉದ್ಯೋಗ ಪ್ರಕಟಣೆ ಮತ್ತು ನೇರ ಪ್ರಸಾರದ ಪುಟಗಳಿಗೆ ಮಾತ್ರ, ಸುದ್ದಿಗೆ ಅಲ್ಲ. ಫಲ ಕೊಡುವ ಕ್ರಮಗಳು ಬಹಳ ಸರಳ, ಬಹುತೇಕ ಖರ್ಚಿಲ್ಲದವು.

ಸುದ್ದಿಯ ಮೊದಲ ವಾಕ್ಯದಲ್ಲೇ ಊರಿನ ಪೂರ್ಣ ವಿಳಾಸವಿರಲಿ. 'ಜಡೆಯಲ್ಲಿ' ಎಂದಷ್ಟೇ ಬರೆಯುವ ಬದಲು 'ಸೊರಬ ತಾಲ್ಲೂಕಿನ ಜಡೆ ಗ್ರಾಮದಲ್ಲಿ' ಎಂದರೆ ಕೂದಲಿನ ಗೊಂದಲ ಅಲ್ಲಿಗೇ ಕಡಿಮೆಯಾಗುತ್ತದೆ. ಇಸವಿ ಸಹಿತ ದಿನಾಂಕವಿರಲಿ. ಸುದ್ದಿ ತಿದ್ದಿದ್ದರೆ ತಿದ್ದಿದ ದಿನವೂ ಇರಲಿ. ತಾಲ್ಲೂಕಿಗೊಂದು ಪುಟ ಮಾಡಿ ಮುಖಪುಟದಿಂದ ಕೊಂಡಿ ಕೊಟ್ಟರೆ ಕ್ರಾಲರ್‌ಗೆ ದಾರಿ ಸಿಗುತ್ತದೆ. ಸುದ್ದಿಗೆಂದೇ ಇರುವ ಸೈಟ್‌ಮ್ಯಾಪ್‌ನಲ್ಲಿ ಕಳೆದ ಎರಡು ದಿನದ ಬರಹಗಳನ್ನಷ್ಟೇ ಇಡಬೇಕು. ಬದಲಾವಣೆಯ ದಿನಾಂಕ ಪ್ರಾಮಾಣಿಕವಾಗಿದ್ದರೆ ಮಾತ್ರ ಗೂಗಲ್ ಅದನ್ನು ನಂಬುತ್ತದೆ. ದಿನವೂ ಎಲ್ಲ ಪುಟಕ್ಕೂ ಇಂದಿನ ತಾರೀಕು ಹಾಕುವ ಜಾಣತನ ತಿರುಗುಬಾಣವಾಗುತ್ತದೆ. ಹಳೆಯ ಆರೋಗ್ಯ ಸಲಹೆಯ ಮೇಲ್ಭಾಗದಲ್ಲಿ 'ಇದು 2019ರ ವರದಿ, ಈಗ ಪರಿಸ್ಥಿತಿ ಬದಲಾಗಿದೆ' ಎಂಬ ಒಂದು ಸಾಲು, ಹೊಸ ವರದಿಗೆ ಒಂದು ಕೊಂಡಿ ಹಾಕಲು ಐದು ನಿಮಿಷ ಸಾಕು. ಖುಲಾಸೆಯ ಸುದ್ದಿಯನ್ನೂ ಆರೋಪದ ಸುದ್ದಿಯ ಪುಟದಲ್ಲೇ ಸೇರಿಸುವುದು ನ್ಯಾಯ.

ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ಕೊಟ್ಟ ವಿಳಾಸವನ್ನು ಬದಲಿಸಬಾರದು. ಬದಲಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ ದಾರಿ ಬಿಡಬೇಕು. ಬಿ.ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು 1902ರಲ್ಲಿ, ಎಂಟನೆಯದರಲ್ಲಿ ಸೊರಬದ ಶಾಸನಗಳನ್ನು 1904ರಲ್ಲಿ ಪ್ರಕಟಿಸಿದರು. ತಾಲ್ಲೂಕಿನ ಹೆಸರು, ಒಂದು ಕ್ರಮಸಂಖ್ಯೆ, ಕಲ್ಲು ಇರುವ ಊರು. ಅಷ್ಟೇ ಅವರ ಪದ್ಧತಿ. ಇಂದಿಗೂ ಸಂಶೋಧಕರು ಅದೇ ಸಂಖ್ಯೆ ಹಿಡಿದು ಆ ಕಲ್ಲಿನ ಮುಂದೆ ಹೋಗಿ ನಿಲ್ಲುತ್ತಾರೆ. ಐದು ವರ್ಷದ ಹಿಂದಿನ ಸುದ್ದಿಯ ಕೊಂಡಿ ಒತ್ತಿದರೆ 'ಪುಟ ಸಿಗುತ್ತಿಲ್ಲ' ಎಂದು ತೋರಿಸುವ ನಮ್ಮ ತಾಣಗಳು ಇದರಿಂದ ಕಲಿಯುವುದಿದೆ.

ಸರ್ಕಾರದ ಪಾತ್ರವೂ ಇದೆ. ತಾಲ್ಲೂಕು ಆರೋಗ್ಯಾಧಿಕಾರಿಯ ಎಚ್ಚರಿಕೆ, ಗ್ರಾಮ ಪಂಚಾಯ್ತಿಯ ಪ್ರಕಟಣೆಗಳು ಸ್ಕ್ಯಾನ್ ಮಾಡಿದ ಕಾಗದದ ಚಿತ್ರವಾಗಿ ಬರುವ ಬದಲು ದಿನಾಂಕವಿರುವ ಯೂನಿಕೋಡ್ ಪಠ್ಯವಾಗಿ ಬರಬೇಕು. ಸಹಿ, ಮೊಹರಿನ ಪ್ರತಿ ಬೇಕಾದರೆ ಜೊತೆಗೆ ಇರಲಿ. ಎಲ್ಲವನ್ನೂ ಹುಡುಕಾಟಕ್ಕೆ ತೆರೆದಿಡಬೇಕೆಂದೇನೂ ಇಲ್ಲ. ವ್ಯಕ್ತಿಗಳ ಜಮೀನು, ಪಡಿತರದಂಥ ವಿವರಗಳು ಸೂಚಿಯಿಂದ ದೂರವಿರುವುದೇ ಲೇಸು. ಸಾರ್ವಜನಿಕರಿಗಾಗಿಯೇ ಹೊರಡಿಸಿದ ಸೂಚನೆ ಸಾರ್ವಜನಿಕರಿಗೆ ಸಿಗಬೇಕೆಂಬುದಷ್ಟೇ ಇಲ್ಲಿನ ಮಾತು.

ಓದುಗರೂ ಒಂದಿಷ್ಟು ಎಚ್ಚರ ವಹಿಸಬಹುದು. ಊರಿನ ಹೆಸರಿನೊಂದಿಗೆ ತಾಲ್ಲೂಕಿನ ಹೆಸರನ್ನೂ ಕನ್ನಡದಲ್ಲೇ ಬರೆದು ಹುಡುಕಿ. ಕಳೆದ 24 ಗಂಟೆ, ಕಳೆದ ವಾರ ಎಂದು ಅವಧಿ ಆಯ್ದುಕೊಳ್ಳುವ ಸೌಲಭ್ಯವನ್ನು ಬಳಸಿ. ಕಾಯಿಲೆ, ಮಳೆ, ರಸ್ತೆಯ ಸುದ್ದಿಯಾದರೆ ಶೀರ್ಷಿಕೆಗೂ ಮುನ್ನ ಇಸವಿ ನೋಡಿ.

ಶೋಧಯಂತ್ರದ ವೇಗ ನಮ್ಮ ಕೈಯಲ್ಲಿಲ್ಲ. ಅದು ಇನ್ನಷ್ಟು ಹೆಚ್ಚಲೂಬಹುದು. ಆದರೆ ಜಡೆ ಒಂದು ಊರು, ಅದು ಸೊರಬ ತಾಲ್ಲೂಕಿನಲ್ಲಿದೆ, ಅಲ್ಲಿ ಇಂಥ ವರ್ಷದ ಇಂಥ ದಿನ ಇಂಥದ್ದು ನಡೆಯಿತು ಎಂದು ಓದಬಲ್ಲ ಕನ್ನಡದಲ್ಲಿ ಬರೆದಿಡುವುದು ನಮ್ಮ ಕೈಯಲ್ಲೇ ಇದೆ. ಹಾಗೆ ಬರೆಯದಿದ್ದರೆ ಯಂತ್ರ ಎಷ್ಟು ಬೇಗ ಬಂದರೂ ಕೊಂಡೊಯ್ಯಲು ಅದಕ್ಕೆ ಏನೂ ಸಿಗದು.